ಮಾಸ್ಕ್ ಹಾಕೋ ಜಾಗದಲ್ಲೇ ಮೊಡವೆ, ಬೆಂಜಾಯ್ಲ್ ಪೆರಾಕ್ಸೈಡ್ 5% ಹಚ್ಚಿದರೂ ಹೋಗ್ತಿಲ್ಲ. ಇದಕ್ಕಿಂತ ಸ್ಟ್ರಾಂಗ್ ಯಾವುದಿದೆ?

ದಿನಕ್ಕೆ ಒಂಬತ್ತು ಗಂಟೆ ಮಾಸ್ಕ್, ಐದು ಸಲ ಫೇಸ್‌ವಾಶ್, ಬೆಳಿಗ್ಗೆ ಹೊರಡುವ ಮುಂಚೆ ಬೆಂಜಾಯ್ಲ್ ಪೆರಾಕ್ಸೈಡ್ 5%, ಆದರೂ ಗದ್ದ ಮತ್ತು ಬಾಯಿಯ ಅಕ್ಕಪಕ್ಕ ಹೆಚ್ಚುತ್ತಲೇ ಇದೆ ಅಂತ ಬರೆದಿದ್ದೀರಿ. ಈ ನಾಲ್ಕು ಸಾಲು ನಾನೇ ಬರೆದದ್ದಿರಬೇಕು ಅನ್ನಿಸಿತು. ನನ್ನದು ಲ್ಯಾಬ್ ಕೆಲಸ, ಪಾಳಿ ಮುಗಿಯುವವರೆಗೆ ಮಾಸ್ಕ್ ತೆಗೆಯುವ ಹಾಗಿಲ್ಲ. ನಾನೂ 2.5%ರಿಂದ ಶುರು ಮಾಡಿ 5%ಕ್ಕೆ ಹೋದೆ, ಅಲ್ಲಿಂದ 10%ಕ್ಕೆ ಹೋದೆ. ಅದಕ್ಕೇ ನಿಮಗೆ ಇನ್ನೂ ಸ್ಟ್ರಾಂಗ್ ಆದ ಔಷಧದ ಹೆಸರು ಹೇಳುವುದಿಲ್ಲ. ಈಗ ಹಚ್ಚುತ್ತಿರುವುದೇ ನಿಮ್ಮ ಚರ್ಮಕ್ಕೆ ಜಾಸ್ತಿಯಾಗಿದೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ.

ನಾನು ಮಾಡಿದ ತಪ್ಪು ಒಂದೇ: ಔಷಧ ಹಚ್ಚಿ, ಅದರ ಮೇಲೆ ಮಾಸ್ಕ್ ಹಾಕಿದ್ದು. ಇದು ಎಷ್ಟು ದೊಡ್ಡ ತಪ್ಪು ಅಂತ ಗೊತ್ತಾಗಿದ್ದು ಕನ್ನಡಿಯಿಂದಲ್ಲ, ಮಾಸ್ಕಿನಿಂದ. ನನ್ನದು ಕಡುನೀಲಿ ಬಟ್ಟೆಯ ಮಾಸ್ಕ್. ಒಂದು ದಿನ ಒಗೆದು ಒಳಮಗ್ಗುಲು ಹೊರಗೆ ಮಾಡಿ ಒಣಗಿಸುವಾಗ ನೋಡಿದರೆ, ಗದ್ದ ತಾಗುವ ಕಡೆ ಅರ್ಧ ಅಂಗೈಯಷ್ಟು ಬಣ್ಣ ಹೋಗಿ ತೆಳು ಕಿತ್ತಳೆಯಾಗಿತ್ತು. ಮೂಗಿನ ಎರಡೂ ಪಕ್ಕ ಬೆರಳಗಲದ ಎರಡು ಪಟ್ಟೆ. ಬೆಂಜಾಯ್ಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತದೆ, ಟ್ಯೂಬಿನ ಮೇಲೂ ಬರೆದಿರುತ್ತಾರೆ. ಅದೇ ಮಾಸ್ಕನ್ನು ಮುಖಕ್ಕೆ ಹಿಡಿದು ನೋಡಿದೆ. ಬಟ್ಟೆಯಲ್ಲಿ ಕಲೆ ಇದ್ದಲ್ಲೆಲ್ಲ ಮುಖದಲ್ಲಿ ಕೆಂಪು ಗುಳ್ಳೆ, ಕಲೆ ಇಲ್ಲದ ಕಡೆ ಚರ್ಮ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಇದು ಯಾಕೆ ಹೀಗಾಗುತ್ತದೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಇದೊಂದು ಅರ್ಥವಾದರೆ ಮಿಕ್ಕದ್ದು ತಾನಾಗಿ ಅರ್ಥವಾಗುತ್ತದೆ. ಮಾಸ್ಕಿನ ಒಳಗೆ ಉಸಿರಿನ ಬಿಸಿ, ಬಾಯಿಯ ಆವಿ, ಬೆವರು ಎಲ್ಲ ಸೇರುತ್ತವೆ. ಚರ್ಮದ ಮೇಲಿನ ಪದರ ಆ ತೇವ ಹೀರಿ ಉಬ್ಬುತ್ತದೆ; ತುಂಬಾ ಹೊತ್ತು ನೀರಲ್ಲಿದ್ದ ಬೆರಳ ತುದಿಯ ಚರ್ಮ ಮೆತ್ತಗಾಗುತ್ತದಲ್ಲ, ಹಾಗೆ. ಉಬ್ಬಿದ ಪದರದ ಮೂಲಕ ಹಚ್ಚಿದ ಯಾವುದೇ ವಸ್ತು ಮಾಮೂಲಿಗಿಂತ ಬೇಗ, ಮಾಮೂಲಿಗಿಂತ ಜಾಸ್ತಿ ಒಳಗಿಳಿಯುತ್ತದೆ. ಚರ್ಮದ ಡಾಕ್ಟರುಗಳು ಕೆಲವು ಮುಲಾಮು ಹಚ್ಚಿ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತುವುದು ಬೇಕೆಂದೇ ಈ ಪರಿಣಾಮ ತರಿಸಲಿಕ್ಕೆ. ಮುಖದ ಮೇಲೆ ಅದನ್ನೇ ನಾವು ಗೊತ್ತಿಲ್ಲದೆ ದಿನಾ ಒಂಬತ್ತು ಗಂಟೆ ಮಾಡುತ್ತಿರುತ್ತೇವೆ. ಡಬ್ಬಿಯ ಮೇಲೆ 5% ಅಂತಿದ್ದರೂ ಚರ್ಮದ ಪಾಲಿಗೆ ಅದು 5% ಆಗಿ ಉಳಿದಿರುವುದಿಲ್ಲ. ಮೇಲಿಂದ ಉಜ್ಜಾಟ. ಮಾತಾಡಿದಾಗಲೆಲ್ಲ ಬಟ್ಟೆ ಗದ್ದದ ಮೇಲೆ ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ, ಔಷಧದಿಂದ ಮೊದಲೇ ಒಣಗಿ ಸಿಪ್ಪೆ ಎದ್ದ ಚರ್ಮವನ್ನು ಇನ್ನಷ್ಟು ಕೆರೆಯುತ್ತದೆ. ಔಷಧದ ಒಂದು ಪಾಲು ಬಟ್ಟೆಗೆ ಹತ್ತಿಕೊಂಡು, ಬಟ್ಟೆಯಿಂದ ತುಟಿಯ ಮೂಲೆಗೆ ಬರುತ್ತದೆ. ತುಟಿಯ ಮೂಲೆ ಒಡೆದು ಉರಿಯುತ್ತಿದ್ದರೆ ಕಾರಣ ಇದೇ ಇರಬಹುದು, ನೋಡಿಕೊಳ್ಳಿ.

ಇದರ ಜೊತೆಗೆ ಐದು ಸಲ ಸೋಪು. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ 5ರ ಆಸುಪಾಸು. ಮಾಮೂಲಿ ಬಾರ್ ಸೋಪಿನ ಪಿಎಚ್ 9ರಿಂದ 10, ಅಂದರೆ ಅದು ಆಮ್ಲಕ್ಕೆ ವಿರುದ್ಧವಾದ ಕ್ಷಾರೀಯ. ಒಂದು ಸಲ ತೊಳೆದರೆ ಚರ್ಮ ಸುಧಾರಿಸಿಕೊಳ್ಳುತ್ತದೆ. ಎರಡು ಗಂಟೆಗೊಮ್ಮೆ ತೊಳೆದರೆ ಅದಕ್ಕೆ ಬಿಡುವೇ ಸಿಗುವುದಿಲ್ಲ. ತೇವವನ್ನು ಹಿಡಿದಿಡುವ ಕೊಬ್ಬಿನ ಪದರ ಕಿತ್ತುಹೋಗುತ್ತದೆ, ಚರ್ಮ ಬಿಗಿದು ಉರಿಯುತ್ತದೆ, ಸಣ್ಣ ಸಣ್ಣ ಕೆಂಪು ಗುಳ್ಳೆ ಏಳುತ್ತವೆ. ಆ ಗುಳ್ಳೆಗಳನ್ನೂ ನಾನು ಮೊಡವೆಯ ಲೆಕ್ಕಕ್ಕೇ ಸೇರಿಸಿ, 'ಮೊಡವೆ ಜಾಸ್ತಿಯಾಯಿತು, ಡೋಸ್ ಏರಿಸಬೇಕು' ಅಂದುಕೊಂಡೆ. ಏರಿಸಿದಷ್ಟೂ ಗುಳ್ಳೆ, ಗುಳ್ಳೆ ಕಂಡಷ್ಟೂ ಏರಿಸುವುದು. ನೀವು 5% ಆದಮೇಲೆ ಮುಂದೇನು ಅಂತ ಕೇಳುತ್ತಿರುವುದು ಇದೇ ಸುಳಿಯೊಳಗಿಂದ ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ.

ಇನ್ನೊಂದು ಮಾತು: 2.5% ಮತ್ತು 10%ನ್ನು ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಕೆಂಪು ಮೊಡವೆ ಇಳಿಸುವ ಶಕ್ತಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಉರಿ, ಸಿಪ್ಪೆ, ಕೆಂಪು ಮಾತ್ರ 10%ರಲ್ಲಿ ಜಾಸ್ತಿ. ಮಾಸ್ಕ್ ಹಾಕುವವರಿಗೆ 2.5%ಕ್ಕಿಂತ ಮೇಲಿನದು ಬೇಕೇ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಉಜ್ಜಾಟ, ಒತ್ತಡ, ಬಿಸಿ, ಮುಚ್ಚಿಗೆ ಇವುಗಳಿಂದ ಬರುವ ಮೊಡವೆ ಮಾಸ್ಕಿನ ಜೊತೆ ಹುಟ್ಟಿದ್ದಲ್ಲ. ಹೆಲ್ಮೆಟಿನ ಪಟ್ಟಿ ಕೂರುವ ಗದ್ದದಲ್ಲಿ, ಬ್ಯಾಗಿನ ಪಟ್ಟಿ ಒತ್ತುವ ಭುಜದಲ್ಲಿ, ಪಿಟೀಲು ಒತ್ತಿಕೊಳ್ಳುವ ಕತ್ತಿನಲ್ಲಿ ಬರುವುದನ್ನು ಗಮನಿಸಿ 1975ರಲ್ಲೇ 'ಆಕ್ನಿ ಮೆಕ್ಯಾನಿಕಾ' ಅಂತ ಹೆಸರಿಟ್ಟಿದ್ದಾರೆ. ಹೆಸರೇ ಹೇಳುವಂತೆ ಮೂಲ ಯಾಂತ್ರಿಕ. ಹಾಗಾಗಿ ಮಾಸ್ಕ್ ಹೇಗೆ ಕೂರುತ್ತದೆ ಅನ್ನುವುದನ್ನು ಸರಿಮಾಡದೆ ಕ್ರೀಮ್ ಬದಲಿಸುತ್ತಾ ಹೋದರೆ ಉಪಯೋಗವಿಲ್ಲ.

ಅದಕ್ಕೂ ಮೊದಲು, ನಿಮಗಿರುವುದು ನಿಜವಾಗಿ ಮೊಡವೆಯೇ ಅಂತ ನೋಡಿಕೊಳ್ಳಿ. ಒಳ್ಳೆ ಬೆಳಕಿನಲ್ಲಿ ಕೆನ್ನೆಯನ್ನು ಸ್ವಲ್ಪ ಎಳೆದು ಹಿಡಿಯಿರಿ. ಮೊಡವೆಯಾದರೆ ಕೆಂಪು ಗುಳ್ಳೆಗಳ ನಡುವೆ ಬ್ಲ್ಯಾಕ್‌ಹೆಡ್, ವೈಟ್‌ಹೆಡ್, ಚರ್ಮದ ಬಣ್ಣದ ಸಣ್ಣ ಗಂಟು ಇದ್ದೇ ಇರುತ್ತವೆ. ಅವು ಒಂದೂ ಇಲ್ಲದಿದ್ದರೆ ಬೇರೆ ಏನೋ ಇದೆ. ಎಲ್ಲ ಗುಳ್ಳೆಗಳೂ ಅಚ್ಚು ಹಾಕಿದಂತೆ ಒಂದೇ ಗಾತ್ರ, ಜೊತೆಗೆ ನವೆ, ಹಣೆ ಮತ್ತು ಎದೆಯ ಮೇಲೂ ಇದೆ ಎಂದಾದರೆ ಅದು ಮಲಸೇಜಿಯಾ ಅನ್ನುವ ಯೀಸ್ಟಿನಿಂದ ಬರುವ ಕೂದಲಬುಡದ ಉರಿಯೂತ ಇರಬಹುದು. ಅದಕ್ಕೆ ಫಂಗಸ್ ಔಷಧ ಬೇಕು, ಆಂಟಿಬಯಾಟಿಕ್ ಕೊಟ್ಟರೆ ಇನ್ನೂ ಕೆರಳುತ್ತದೆ. ಬಾಯಿಯ ಸುತ್ತ ಸಣ್ಣ ಗುಳ್ಳೆಗಳ ಗುಂಪು, ತುಟಿಯಂಚಿಗೆ ತಾಗಿ ಒಂದು ತೆಳು ಪಟ್ಟೆ ಮಾತ್ರ ಸ್ವಚ್ಛ, ಹೀಗಿದ್ದರೆ ಪೆರಿಓರಲ್ ಡರ್ಮಟೈಟಿಸ್, ಅಂದರೆ ಬಾಯಿಯ ಸುತ್ತಲಿನ ಚರ್ಮದ ಉರಿಯೂತ. ಸ್ಟೀರಾಯ್ಡ್ ಕ್ರೀಮ್ ಹಚ್ಚಿದವರಲ್ಲಿ ಇದು ತುಂಬಾ. ಎಲಾಸ್ಟಿಕ್ ತಾಗುವ ಗೆರೆಯಲ್ಲಿ ಅಥವಾ ಮೂಗಿನ ತಂತಿಯ ಕೆಳಗೆ ಮಾತ್ರ ನವೆ, ಕೆಂಪು ಇದ್ದರೆ ರಬ್ಬರಿನ ಅಥವಾ ನಿಕ್ಕೆಲ್ಲಿನ ಅಲರ್ಜಿ. ಬಿಸಿಯಾದಾಗ ಇಡೀ ಕೆನ್ನೆ ಕೆಂಪೇರಿ ಉರಿಯುತ್ತದೆ, ಬ್ಲ್ಯಾಕ್‌ಹೆಡ್ ಇಲ್ಲ, ಆಗ ರೊಸೇಶಿಯಾ ಅನ್ನುವ ಬೇರೆಯೇ ಚರ್ಮದ ಕಾಯಿಲೆ. ಈ ಯಾವುದಕ್ಕೂ ಮೊಡವೆಗೆ ಹಚ್ಚುವ ಮಾಮೂಲಿ ಬೆಂಜಾಯ್ಲ್ ಪೆರಾಕ್ಸೈಡ್ ಮದ್ದಲ್ಲ. ಬಹುಪಾಲಿಗೆ ಅದು ಉರಿಯುವ ಬೆಂಕಿಗೆ ತುಪ್ಪ.

ಮೊಡವೆಯೇ ಅಂತ ಖಾತ್ರಿಯಾದರೆ ಮೊದಲ ಕೆಲಸ, ಹತ್ತು ದಿನ ಎಲ್ಲ ಔಷಧವನ್ನೂ ನಿಲ್ಲಿಸಿ. ಸ್ಕ್ರಬ್, ಟೋನರ್, ಮುಖಕ್ಕೆ ಹಾಕುವ ಆಲ್ಕೋಹಾಲ್ ವೈಪ್, ನಿಂಬೆರಸ, ಟೂತ್‌ಪೇಸ್ಟ್ ಎಲ್ಲವೂ ಬಂದ್. ನಿಲ್ಲಿಸಿದರೆ ಮೊಡವೆ ಹೆಚ್ಚಿಬಿಡುತ್ತದೆ ಅನ್ನುವ ಭಯ ನನಗೂ ಇತ್ತು. ಆದದ್ದು ತಿರುಗುಮುರುಗು: ಉರಿ ನಾಲ್ಕೈದು ದಿನಕ್ಕೇ ಇಳಿಯಿತು, ಕೆಂಪು ಗುಳ್ಳೆಗಳಲ್ಲಿ ಒಂದು ದೊಡ್ಡ ಪಾಲು ತಾವಾಗಿ ಮಾಯವಾದವು. ಉಳಿದವಷ್ಟೇ ನಿಜವಾದ ಮೊಡವೆ. ಈ ಹತ್ತು ದಿನ ಮಾಡುವುದು ಇಷ್ಟೇ: ಬೆಳಿಗ್ಗೆ ಮತ್ತು ಸಂಜೆ ಎರಡು ಸಲ, ನೊರೆ ಕಡಿಮೆ ಬರುವ, ಪರಿಮಳವಿಲ್ಲದ ಕ್ಲೆನ್ಸರಿನಿಂದ, ಉಗುರುಬೆಚ್ಚಗಿನ ನೀರಿನಲ್ಲಿ, ಬೆರಳ ತುದಿಯಿಂದ ಅರ್ಧ ನಿಮಿಷ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಚರ್ಮ ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರ್.

ಮಾಯಿಶ್ಚರೈಸರ್ ಹಚ್ಚಿದರೆ ಮೊಡವೆ ಬರುತ್ತದೆ ಅಂತ ಬಿಟ್ಟಿರುತ್ತೀರಿ, ಗ್ಯಾರಂಟಿ. ಮಾಸ್ಕ್ ಹಾಕುವವರು ಬಿಡಲೇಬಾರದ್ದು ಅದನ್ನೇ. ಬಟ್ಟೆ ಮತ್ತು ಚರ್ಮದ ನಡುವೆ ಉಜ್ಜಾಟ ಕಡಿಮೆ ಮಾಡುವ ತೆಳು ಪದರ ಅದು. ಸೆರಮೈಡ್, ಗ್ಲಿಸರಿನ್, ಹೈಯಲುರಾನಿಕ್ ಆಸಿಡ್ ಇರುವ, 'ನಾನ್ ಕಾಮಿಡೋಜೆನಿಕ್' (ಚರ್ಮದ ರಂಧ್ರ ಮುಚ್ಚದ್ದು) ಅಂತ ಬರೆದ ಜೆಲ್ ಅಥವಾ ತೆಳು ಲೋಶನ್ ಆರಿಸಿ. ಡೈಮೆಥಿಕೋನ್ ಅನ್ನುವ ಸಿಲಿಕೋನ್ ಇದ್ದರೆ ಜಾರುಗುಣ ಚೆನ್ನಾಗಿರುತ್ತದೆ. ಹಚ್ಚಿ ಕನಿಷ್ಠ ಇಪ್ಪತ್ತು ನಿಮಿಷ, ಸಾಧ್ಯವಾದರೆ ಅರ್ಧ ಗಂಟೆ ಬಿಟ್ಟು ಮಾಸ್ಕ್ ಹಾಕಿ. ಹಸಿಯಿರುವಾಗಲೇ ಹಾಕಿದರೆ ಅಷ್ಟೂ ಬಟ್ಟೆಯ ಪಾಲು. ಮಾಸ್ಕ್ ಮುಚ್ಚುವ ಜಾಗಕ್ಕೆ ಫೌಂಡೇಶನ್ ಬೇಡವೇ ಬೇಡ. ಎನ್95 ಹಾಕುವವರು ಅಂಚು ಕೂರುವ ಗೆರೆಯ ಮೇಲೆ ಪೆಟ್ರೋಲಿಯಂ ಜೆಲ್ಲಿಯಂಥ ಜಿಡ್ಡನ್ನು ಬಳಿಯಬೇಡಿ: ಗಾಳಿ ನುಸುಳದಂತೆ ಅಂಚು ಮುಖಕ್ಕೆ ಕೂತ ಸೀಲ್ ಜಾರುತ್ತದೆ, ಮತ್ತು ಆ ಹೆಸರಿನಲ್ಲಿರುವ 'ಎನ್' ಅಕ್ಷರದ ಅರ್ಥವೇ ಎಣ್ಣೆಯನ್ನು ತಡೆಯುವ ಫಿಲ್ಟರ್ ಅಲ್ಲ ಅಂತ.

ಇನ್ನು ಮಾಸ್ಕ್. ಒಂದು ಸುಲಭ ಪರೀಕ್ಷೆ: ಮಾಸ್ಕ್ ಹಾಕಿ, ಕನ್ನಡಿ ಮುಂದೆ ನಿಂತು ಒಂದು ನಿಮಿಷ ಗಟ್ಟಿಯಾಗಿ ಓದಿ. ಮೂಗಿನ ಮೇಲಿನ ಅಂಚು ಇದ್ದಲ್ಲೇ ಇರಬೇಕು, ಗದ್ದದ ಅಂಚು ಜಾರಬಾರದು. ಜಾರಿದರೆ ದೊಡ್ಡದಾಯಿತು, ತೆಗೆದಾಗ ಕೆನ್ನೆಯಲ್ಲಿ ಆಳದ ಗೆರೆ ಉಳಿದರೆ ಚಿಕ್ಕದಾಯಿತು. ನನ್ನ ನೀಲಿ ಮಾಸ್ಕಿನಲ್ಲಿ ನಡುವೆ ಒಂದು ದಪ್ಪ ಹೊಲಿಗೆ ನೇರ ಗದ್ದದ ಮೇಲೆ ಕೂರುತ್ತಿತ್ತು. ಬೆರಳಾಡಿಸಿ ನೋಡಿದರೆ ಹಗ್ಗದ ಹಾಗೆ ತಾಗುತ್ತದೆ. ದಿನವೆಲ್ಲ ಅದು ಒಂದೇ ಜಾಗವನ್ನು ತಿಕ್ಕುತ್ತಿತ್ತು. ಒಳಪದರ ಮೆತ್ತನೆಯ ಹತ್ತಿಯದಿರಲಿ, ಹೊಲಿಗೆ ಹೊರಮುಖಕ್ಕಿರಲಿ, ಒಳಗಿನ ಬಟ್ಟೆಗೆ ಬಣ್ಣ ಇಲ್ಲದಿದ್ದರೆ ಉತ್ತಮ. ನಿಮ್ಮ ಕೆಲಸಕ್ಕೆ ಸರ್ಜಿಕಲ್ ಅಥವಾ ಎನ್95 ಕಡ್ಡಾಯವಾಗಿದ್ದರೆ ಮೊಡವೆಗೋಸ್ಕರ ಬಟ್ಟೆ ಮಾಸ್ಕಿಗೆ ಇಳಿಯಬೇಡಿ. ರಕ್ಷಣೆಯೇ ಮೊದಲು. ಬೇರೆ ಅಳತೆ, ಬೇರೆ ಆಕಾರದ್ದು ಕೇಳಿ ನೋಡಿ.

ಒಂದು ಪಾಳಿಗೆ ಒಂದು ಮಾಸ್ಕ್ ಸಾಲುವುದಿಲ್ಲ. ಒಳಮಗ್ಗುಲು ಒದ್ದೆಯಾಯಿತು ಅನ್ನಿಸಿದ ಕೂಡಲೇ ಬದಲಿಸಿ, ಅಂದರೆ ಒಂಬತ್ತು ಗಂಟೆಗೆ ಎರಡೋ ಮೂರೋ. ಬಳಸಿದ್ದನ್ನು ಕಾಗದದ ಚೀಲದಲ್ಲಿ ಬೇರೆ ಇಡಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಒದ್ದೆ ಒದ್ದೆಯಾಗಿಯೇ ಕೂತು ವಾಸನೆ ಹಿಡಿಯುತ್ತದೆ. ಬಟ್ಟೆಯದನ್ನು ದಿನಾ ಬಿಸಿನೀರಿನಲ್ಲಿ, ಪರಿಮಳವಿಲ್ಲದ ಡಿಟರ್ಜೆಂಟಿನಲ್ಲಿ ಒಗೆದು, ಎರಡು ಸಲ ಜಾಲಾಡಿಸಿ ಪೂರ್ತಿ ಒಣಗಿಸಿ. ಉಳಿದ ಸೋಪಿನಂಶ ತೇವದಲ್ಲಿ ಕರಗಿ ಚರ್ಮಕ್ಕೆ ಬರುತ್ತದೆ, ಫ್ಯಾಬ್ರಿಕ್ ಸಾಫ್ಟನರ್ ಅಂತೂ ಹಾಕಲೇಬೇಡಿ. ಎನ್95ನ್ನು ಒಗೆಯುವುದಾಗಲಿ ಸ್ಯಾನಿಟೈಸರ್ ಸಿಂಪಡಿಸುವುದಾಗಲಿ ಕೂಡದು. ಅದರ ನಾರಿನಲ್ಲಿರುವ ವಿದ್ಯುದಾವೇಶವೇ ಸಣ್ಣ ಕಣಗಳನ್ನು ಹಿಡಿಯುವುದು, ಸೋಪು ಮತ್ತು ಆಲ್ಕೋಹಾಲ್ ಅದನ್ನು ಕಳೆದುಬಿಡುತ್ತವೆ. ನಾಲ್ಕು ಗಂಟೆಗೊಮ್ಮೆ ಹದಿನೈದು ನಿಮಿಷ ಮಾಸ್ಕ್ ತೆಗೆಯಿರಿ ಅಂತ ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಸಲಹೆ ಕೊಟ್ಟಿತ್ತು. ಕೈ ತೊಳೆದುಕೊಂಡು, ಸುರಕ್ಷಿತ ಅನ್ನಿಸುವ ಕಡೆ, ಊಟದ ಹೊತ್ತಿಗೆ ಹೊಂದಿಸಿಕೊಂಡರೆ ಆಗುತ್ತದೆ. ಆಗ ಮುಖ ತೊಳೆಯುವ ಅಗತ್ಯವಿಲ್ಲ. ಒಣ ಟಿಶ್ಯೂವನ್ನು ಒತ್ತಿ ತೇವ ತೆಗೆದರೆ ಸಾಕು.

ಗಡ್ಡ ತೆಗೆಯುವವರಾದರೆ ಬೆಳಿಗ್ಗೆ ಶೇವ್ ಮಾಡಿ ನೇರ ಮಾಸ್ಕ್ ಹಾಕುವ ರೂಢಿ ಬಿಡಿ. ಬ್ಲೇಡು ಮಾಡಿದ ಸಣ್ಣ ಗೀರುಗಳ ಮೇಲೆ ಬೆವರು ಮತ್ತು ಬಟ್ಟೆ ಕೂರುತ್ತದೆ. ರಾತ್ರಿ, ಕೂದಲು ಬೆಳೆಯುವ ದಿಕ್ಕಿನಲ್ಲೇ ಶೇವ್ ಮಾಡಿ, ಆ ರಾತ್ರಿ ಔಷಧ ಹಚ್ಚಬೇಡಿ.

ಈಗ ಔಷಧ. ಹತ್ತು ದಿನ ಕಳೆದು, ಮಾಯಿಶ್ಚರೈಸರ್ ಹಚ್ಚಿದಾಗ ಉರಿಯುತ್ತಿಲ್ಲ ಅಂತಾದ ಮೇಲೆ ಮಾತ್ರ. ನಾನು ಉಳಿಸಿಕೊಂಡದ್ದು ಎರಡೇ, ಎರಡೂ ಮಾಸ್ಕ್ ಇಲ್ಲದ ಹೊತ್ತಿಗೆ. ಸಂಜೆ ಬಂದ ಕೂಡಲೇ, ಬೆಂಜಾಯ್ಲ್ ಪೆರಾಕ್ಸೈಡ್ 2.5%ನ್ನು ಮೊಡವೆ ಬರುವ ಜಾಗಕ್ಕೆಲ್ಲ ತೆಳುವಾಗಿ ಸವರಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆದುಬಿಡುವುದು. ದಿನ ಬಿಟ್ಟು ದಿನ ಶುರು. ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ, ಇದರ ದೊಡ್ಡ ಗುಣ ಅದು. ಬಿಳಿ ಟವೆಲ್ ಬಳಸಿ, ಬಣ್ಣದ್ದು ಹಾಳಾಗುತ್ತದೆ. ರಾತ್ರಿ ಮಲಗುವ ಮುಂಚೆ ಅಡಾಪಲೀನ್ 0.1%. ತೊಳೆದ ಮುಖ ಪೂರ್ತಿ ಒಣಗಿದ ಮೇಲೆ, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಹಣೆ, ಎರಡು ಕೆನ್ನೆ, ಗದ್ದ ಹೀಗೆ ಚುಕ್ಕೆ ಇಟ್ಟು ಹರಡಿ. ಮೊಡವೆಯ ತಲೆಯ ಮೇಲಷ್ಟೇ ಇಡುವ ಔಷಧ ಇದಲ್ಲ, ಮುಂದೆ ಮೊಡವೆಯಾಗಲಿರುವ ಮುಚ್ಚಿದ ರಂಧ್ರವನ್ನು ತೆರೆಯುವುದು ಇದರ ಕೆಲಸ. ಕಣ್ಣಂಚು, ಮೂಗಿನ ಸಂದು, ತುಟಿಯ ಮೂಲೆ ಬಿಡಿ. ಮೊದಲ ಎರಡು ವಾರ ವಾರಕ್ಕೆ ಮೂರು ರಾತ್ರಿ, ಸಹಿಸಿದರೆ ನಿಧಾನಕ್ಕೆ ಪ್ರತಿರಾತ್ರಿ. ಉರಿದರೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಅಡಾಪಲೀನ್, ಮತ್ತೆ ಮಾಯಿಶ್ಚರೈಸರ್. ಮೊದಲ ಮೂರ್ನಾಲ್ಕು ವಾರ ಸಿಪ್ಪೆ ಏಳುವುದು, ಒಂದಷ್ಟು ಮೊಡವೆ ಹೆಚ್ಚಿದಂತೆ ಕಾಣುವುದು ಮಾಮೂಲಿ. ಬಹಳ ಜನ ಟ್ಯೂಬ್ ಎಸೆಯುವುದು ಆಗಲೇ. ಹನ್ನೆರಡು ವಾರ ಕೊಡಿ. ಬರಿಗಣ್ಣಿಗೆ ಕಾಣುವ ಮುಂಚೆ ಮೊಡವೆ ಒಳಗೊಳಗೇ ವಾರಗಟ್ಟಲೆ ಬೆಳೆದಿರುತ್ತದೆ, ಹಾಗಾಗಿ ಇವತ್ತಿನ ಔಷಧದ ಫಲ ಮುಂದಿನ ತಿಂಗಳ ಮುಖದಲ್ಲಿ ಕಾಣಬೇಕು.

ಗರ್ಭಿಣಿಯಾಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಅಡಾಪಲೀನ್ ಬೇಡ. ಅಜೆಲಾಯಿಕ್ ಆಸಿಡ್ 15 ಅಥವಾ 20% ಬಗ್ಗೆ ಡಾಕ್ಟರನ್ನು ಕೇಳಿ. ಅದು ಮೊಡವೆ ಬಿಟ್ಟುಹೋದ ಕಪ್ಪು ಕಲೆಗೂ ಆಗುತ್ತದೆ. ಸ್ಯಾಲಿಸಿಲಿಕ್ ಆಸಿಡ್ 2% ಫೇಸ್‌ವಾಶ್ ಬರೀ ಬ್ಲ್ಯಾಕ್‌ಹೆಡ್ ಇರುವವರಿಗೆ ಸಾಕಾಗಬಹುದು, ನಿಮ್ಮ ವಿವರಣೆ ನೋಡಿದರೆ ನಿಮಗೆ ಸಾಲದು. ಕ್ಲಿಂಡಮೈಸಿನ್ ಅನ್ನುವ ಆಂಟಿಬಯಾಟಿಕ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚುವುದು ತಪ್ಪು, ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ಡಾಕ್ಟರ್ ಕೊಟ್ಟರೂ ಜೊತೆಗೆ ಬೆಂಜಾಯ್ಲ್ ಪೆರಾಕ್ಸೈಡ್ ಇರಬೇಕು. ಯಾರೋ ಕೊಟ್ಟ 'ಎಲ್ಲದಕ್ಕೂ ಒಂದೇ' ಮುಲಾಮಿನಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅನ್ನುವ ಹೆಸರಿದ್ದರೆ ಅದು ಸ್ಟೀರಾಯ್ಡ್. ಎರಡು ದಿನಕ್ಕೆ ಕೆಂಪು ಇಳಿಯುವುದು ನಿಜ, ಆಮೇಲೆ ಚರ್ಮ ತೆಳ್ಳಗಾಗಿ, ಬಿಟ್ಟರೆ ಕೆರಳುವ ಗುಳ್ಳೆಗಳಾಗಿ ತಿರುಗುತ್ತದೆ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ಒಮ್ಮೆಲೇ ಬಿಡದೆ ಡಾಕ್ಟರಿಗೆ ಹೇಳಿ ಬಿಡಿ.

ತಲೆ ಬಿಳಿಯಾದ ಒಂದೆರಡು ಮೊಡವೆಗೆ ಹೈಡ್ರೊಕೊಲಾಯ್ಡ್ ಪ್ಯಾಚ್ (ತೇವ ಹೀರುವ ಸಣ್ಣ ಅಂಟುಪಟ್ಟಿ) ಒಳ್ಳೆಯದು. ಕೀವು ಹೀರುತ್ತದೆ, ಬಟ್ಟೆಯ ಉಜ್ಜಾಟ ತಡೆಯುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಕೈ ಅಲ್ಲಿಗೆ ಹೋಗದಂತೆ ಕಾಯುತ್ತದೆ. ಮಾಯಿಶ್ಚರೈಸರಿಗಿಂತ ಮುಂಚೆ, ಒಣ ಚರ್ಮಕ್ಕೆ ಅಂಟಿಸಿ. ಎನ್95 ಅಂಚಿನ ಕೆಳಗೆ ಬಂದರೆ ಸೀಲ್ ಮತ್ತೆ ಪರೀಕ್ಷಿಸಿಕೊಳ್ಳಿ. ಹಿಂಡಬೇಡಿ. ಕಂದು ಚರ್ಮದಲ್ಲಿ ಹಿಂಡಿದ ಮೊಡವೆಯ ಕಪ್ಪು ಕಲೆ ಮೊಡವೆಗಿಂತ ತಿಂಗಳುಗಳಷ್ಟು ಹೆಚ್ಚು ಉಳಿಯುತ್ತದೆ, ಬಿಸಿಲು ಬಿದ್ದರೆ ಇನ್ನೂ ಗಾಢವಾಗುತ್ತದೆ. ಮಾಸ್ಕ್ ಇದೆಯಲ್ಲ ಅಂತ ಎಸ್‌ಪಿಎಫ್ 30 ಸನ್‌ಸ್ಕ್ರೀನ್ ಬಿಡಬೇಡಿ, ಅಡಾಪಲೀನ್ ಹಚ್ಚುವಾಗ ಅಂತೂ ಬೇಕೇ ಬೇಕು.

ಒತ್ತಿದರೆ ನೋಯುವ ಆಳದ ಗಂಟುಗಳಿದ್ದರೆ, ಮೊಡವೆ ಹೋದಲ್ಲಿ ಚರ್ಮದಲ್ಲಿ ಗುಂಡಿ ಬೀಳುತ್ತಿದ್ದರೆ, ಹನ್ನೆರಡು ವಾರ ಸರಿಯಾಗಿ ಮಾಡಿಯೂ ಇಳಿಯದಿದ್ದರೆ ಚರ್ಮದ ಡಾಕ್ಟರನ್ನು ಕಾಣಿ. ಗುಂಡಿ ಕಂಡರೆ ಹನ್ನೆರಡು ವಾರ ಕಾಯಬೇಡಿ. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬ್‌ಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ, ದಿನಾ ಹಾಕುವ ಮಾಸ್ಕನ್ನೂ ಮರೆಯದೆ ಒಯ್ಯಿರಿ. ಅದನ್ನು ಅವರೆದುರೇ ಹಾಕಿ ತೋರಿಸಿ. ಅಂಚು ಎಲ್ಲಿ ಒತ್ತುತ್ತದೆ, ಹೊಲಿಗೆ ಎಲ್ಲಿ ಕೂರುತ್ತದೆ, ಗುಳ್ಳೆ ಎಲ್ಲಿದೆ ಅನ್ನುವುದು ನೀವು ಬಾಯಲ್ಲಿ ಹೇಳುವುದಕ್ಕಿಂತ ಬೇಗ ಅವರ ಕಣ್ಣಿಗೆ ಬೀಳುತ್ತದೆ.